ಬೇವಿನ ಗಿಡದಿಂದ ಮೂರನೆಯದು

ಈಸ್ಟರ್ ಹಬ್ಬದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ನಾನು ಮತ್ತು ಅವ್ವ ಹಾನಗಲ್ಲಿನಿಂದ ಸವಣೂರಿಗೆ ಹೊರಡುತ್ತೇವೆ. ಒಂದು ಬಕೀಟು, ಅದರೊಳಗೆ ಸುಣ್ಣ, ಕುಂಚ, ಒಂದು ಕುಡಗೋಲು, ಎರಡು ಮೇಣದಬತ್ತಿ. ಬಂಕಾಪುರದಲ್ಲಿ ಬಸ್ಸು ಬದಲಿಸಬೇಕು. ಆ ಬಕೀಟು ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಇರಬೇಕು, ಯಾಕೆಂದರೆ ಕೆಳಗಿಟ್ಟರೆ ಯಾರಾದರೂ ಕಾಲಲ್ಲಿ ಒದ್ದಾರು ಎಂದು ಅವ್ವನ ಹೆದರಿಕೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸುಣ್ಣ ಸವಣೂರಿನಲ್ಲೂ ಸಿಗುತ್ತದೆ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ, ಅವ್ವ ಪ್ರತಿ ವರ್ಷ ಕಿಟಕಿಯ ಹೊರಗೆ ನೋಡುತ್ತಾಳೆ.

ಹೋಗುವುದು ಅಪ್ಪನ ಗೋರಿಗೆ. ನಮ್ಮ ಚರ್ಚಿನ ಸಭೆಯವರ ಗೋರಿಗಳ ಜಾಗ ಊರ ಹೊರಗಿದೆ. ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಎಲ್ಲರೂ ಅಲ್ಲಿ ಸೇರಿ, ತಮ್ಮ ತಮ್ಮವರ ತಲೆಯ ಕಡೆ ಮೇಣದಬತ್ತಿ ಹಚ್ಚಿ, ಹಾಡಿ, ಪ್ರಾರ್ಥನೆ ಮಾಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಅದಕ್ಕೆ ಹಿಂದಿನ ದಿನವೇ ಕಸ ಕಿತ್ತು, ಸುತ್ತಲ ಕಲ್ಲುಗಳಿಗೆ ಸುಣ್ಣ ಬಳಿದು ಸಜ್ಜು ಮಾಡಬೇಕು. ನಲವತ್ತಕ್ಕೆ ಒಂದು ಕಡಿಮೆ, ಅಷ್ಟು ವರ್ಷ ನಾವು ಹೀಗೆ ಮಾಡಿದ್ದೇವೆ. ಜ್ವರ ಬಂದರೂ ಅವ್ವ ತಪ್ಪಿಸಿಲ್ಲ.

ಅಪ್ಪ ಸವಣೂರಿನಲ್ಲಿ ಶಾಲೆಯ ಮಾಸ್ತರರಾಗಿದ್ದರು. ಭಾನುವಾರ ಚರ್ಚಿನಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಪಕ್ಕದ ಮನೆಯವರು ಲಿಂಗಾಯತರು. ಒಂದು ಶ್ರಾವಣದಲ್ಲಿ ಅವರ ಮನೆಯ ಭಜನೆಗೆ ಹಾರ್ಮೋನಿಯಂ ಬಾರಿಸುವವನು ಬರಲಿಲ್ಲವೆಂದು ಅಪ್ಪನನ್ನು ಕರೆದರು, ಅಪ್ಪ ಹೋಗಿ ಬಾರಿಸಿ ಬಂದರು. ಅಷ್ಟೇ ನಡೆದದ್ದು. ಆದರೆ ಸಭೆಯ ಹಿರಿಯರೊಬ್ಬರು ಅದನ್ನು ಎಲ್ಲರ ಮುಂದೆ ಎತ್ತಿ, ದೇವರ ಮನೆಯಲ್ಲಿ ಬಾರಿಸುವ ಕೈ ಇದಲ್ಲ ಎಂದು ಅಪ್ಪನನ್ನು ಹಾರ್ಮೋನಿಯಂ ಪೆಟ್ಟಿಗೆಯ ಮುಂದಿನಿಂದ ಎಬ್ಬಿಸಿದರು. ಅಪ್ಪ ಎದುರು ಮಾತಾಡಲಿಲ್ಲ. ಹಂಸಭಾವಿಗೆ ವರ್ಗ ಮಾಡಿಸಿಕೊಂಡರು. ಮತ್ತೆಂದೂ ಹಾರ್ಮೋನಿಯಂ ಮುಟ್ಟಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಮೈ ಹಳದಿಗಟ್ಟಿ, ಕಾಮಣಿಯಾಗಿ ತೀರಿಕೊಂಡರು. ಕಾಮಣಿ ಬಂದದ್ದು ನೀರಿನಿಂದ ಎಂದು ಡಾಕ್ಟರು ಹೇಳಿದ್ದರಂತೆ. ಅವ್ವನ ಲೆಕ್ಕದಲ್ಲಿ ಅದು ಬಂದದ್ದು ಆ ಹಿರಿಯರಿಂದ.

ಆಗ ಅವ್ವ ಹಾನಗಲ್ಲಿನ ತವರಿನಲ್ಲಿ ಹಸಿ ಬಾಣಂತಿ. ತಮ್ಮ ಹುಟ್ಟಿ ಒಂಬತ್ತು ದಿನ. ಎಂಟು ವರ್ಷದ ನಾನು ಅವಳ ಜೊತೆಗೇ ಇದ್ದೆ. ನಮ್ಮಿಬ್ಬರನ್ನೂ ಯಾರೂ ಕರೆದುಕೊಂಡು ಹೋಗಲಿಲ್ಲ. ದೊಡ್ಡಪ್ಪ ಅಪ್ಪನ ದೇಹವನ್ನು ಸವಣೂರಿಗೆ ತಂದು, ಸುರಿಯುವ ಮಳೆಯಲ್ಲಿ, ಕತ್ತಲೆಯಲ್ಲಿ ಮಣ್ಣು ಮಾಡಿಸಿದರು. ಜಾಗದ ಗುರುತು ಅವರಿಗೂ ಉಳಿಯಲಿಲ್ಲ. ನಾಲ್ಕು ತಿಂಗಳ ಮೇಲೆ ಅವ್ವ ಕೂಸನ್ನು ಎತ್ತಿಕೊಂಡು ಹೋದಾಗ, ಗೋರಿ ತೋಡುವ ಸಾಬರ ಹುಡುಗ ಗೇಟಿನಲ್ಲಿ ಸಿಕ್ಕಿ, ಬೇವಿನ ಗಿಡದಿಂದ ಮೂರನೆಯದು ಎಂದು ಕೈ ತೋರಿಸಿ, ಎಲ್ಲಿಗೋ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೊರಟು ಹೋದ. ಮರದ ಶಿಲುಬೆಗಳಿಗೆ ಅಷ್ಟರಲ್ಲಾಗಲೇ ಗೆದ್ದಲು ಹತ್ತಿತ್ತು. ಅವ್ವ ಎಣಿಸಿದಳು. ಒಂದು, ಎರಡು, ಮೂರು. ಮೂರನೆಯದರ ಮುಂದೆ ಕೂತು ಅತ್ತಳು.

ಅಂದಿನಿಂದ ಆ ಗೋರಿ ನಮ್ಮ ಮನೆಯ ಇನ್ನೊಂದು ಕೋಣೆಯಾಯಿತು. ಅವ್ವ ಸುತ್ತ ದುಂಡಗೆ ಕಲ್ಲು ಜೋಡಿಸಿದಳು. ಸುಣ್ಣ ಬಳಿಯುತ್ತ ವರ್ಷದ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ನಾನು ಹತ್ತನೆಯ ತರಗತಿ ಪಾಸಾದದ್ದು, ತಮ್ಮನಿಗೆ ಶಿಗ್ಗಾಂವಿಯಲ್ಲಿ ಕೆಲಸ ಸಿಕ್ಕದ್ದು, ಎಮ್ಮೆ ಕರು ಹಾಕಿದ್ದು, ಗ್ಯಾಸಿನ ಒಲೆ ಬಂದದ್ದು. ನಡುವೆ ಒಂದು ಮಾತು ಮಾತ್ರ ಪ್ರತಿ ವರ್ಷ ತಪ್ಪದೆ ಬರುತ್ತಿತ್ತು.

"ನಿಮ್ಮ ಪೆಟಿಗಿ ಕಸಕೊಂಡಾಂವಗ ಅಲ್ಲಿ ಜಾಗಾ ಸಿಕ್ಕೈತೋ ಇಲ್ಲೋ ಗೊತ್ತಿಲ್ಲ. ಸಿಕ್ಕಿದ್ರ ಅವನ ಬಾಜೂಕ ಮಾತ್ರ ಕುಂದ್ರಬ್ಯಾಡ್ರಿ."

ನಾನು ನಗುತ್ತಿದ್ದೆ. ನಾನು ಚರ್ಚಿಗೆ ಹೋಗುತ್ತೇನೆ, ಹಾಡುತ್ತೇನೆ, ಆದರೆ ಸತ್ತ ಮೇಲಿನ ಲೋಕದ ಮಾತು ಬಂದರೆ ಮೆಲ್ಲಗೆ ಬೇರೆ ವಿಷಯಕ್ಕೆ ಹೊರಳುತ್ತೇನೆ. ಅವ್ವನಿಗೆ ಹಾಗಲ್ಲ. ಅವಳಿಗೆ ಪರಲೋಕವೆಂದರೆ ಬಂಕಾಪುರದಲ್ಲಿ ಬಸ್ಸು ಬದಲಿಸಿ ಹೋಗುವ ಊರಿನಷ್ಟೇ ಖಾತ್ರಿ. ಅಲ್ಲಿ ಅಪ್ಪ ಇದ್ದಾರೆ, ಇಲ್ಲಿಯ ಸುದ್ದಿಗೆ ಕಾಯುತ್ತಿದ್ದಾರೆ, ತಾನು ಹೋದ ದಿನ ಎಲ್ಲವನ್ನೂ ಮೊದಲಿನಿಂದ ಹೇಳುವ ಕಷ್ಟ ಬೇಡವೆಂದು ವರ್ಷವರ್ಷ ಮುಗಿಸಿ ಬರುತ್ತಿದ್ದಳು.

ನಂಬಿದ್ದನ್ನು ಬದುಕಿದವಳು ಎಂದು ನಾನು ಯಾರನ್ನಾದರೂ ತೋರಿಸಬೇಕಾದರೆ ಅವ್ವನನ್ನೇ ತೋರಿಸುತ್ತೇನೆ. ನಮ್ಮ ಹಿತ್ತಲ ಗೋಡೆಯನ್ನು ಒಂದು ಮೊಳ ಒಳಗೆ ತಳ್ಳಿ ಕಟ್ಟಿಕೊಂಡ ನೆರೆಮನೆಯವಳಿಗೆ ಕಾಲು ಮುರಿದಾಗ, ಎರಡು ತಿಂಗಳು ಅವಳ ಮನೆಗೆ ನೀರು ತುಂಬಿದ್ದು ಅವ್ವ. ನಾನು ಬೈದರೆ, "ಗೋಡಿ ಸರಿಸಿದ್ದು ಕೈ, ಮುರದಿದ್ದು ಕಾಲು, ಅದಕ್ಯಾಕ ಸಿಟ್ಟು" ಎಂದು ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಇಂಥವಳಿಗೆ ಒಂದೇ ಒಂದು ಗಂಟು ಬಿಚ್ಚಲು ಬರಲಿಲ್ಲ. ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ಕರ್ತನ ಪ್ರಾರ್ಥನೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬರುತ್ತಲೇ ಅವ್ವನಿಗೆ ಕೆಮ್ಮು ಬರುತ್ತಿತ್ತು. ಸಾಲು ಮುಗಿದ ಕೂಡಲೇ ಕೆಮ್ಮು ನಿಲ್ಲುತ್ತಿತ್ತು. ಚಿಕ್ಕಂದಿನಲ್ಲಿ ನಾನು ಅದನ್ನು ನಿಜವಾದ ಕೆಮ್ಮು ಎಂದೇ ತಿಳಿದಿದ್ದೆ. ಆ ಹಿರಿಯರು ಅಪ್ಪನಿಗಿಂತ ಎರಡು ತಿಂಗಳು ಮೊದಲು ತೀರಿಕೊಂಡಿದ್ದರು. ಸುದ್ದಿ ಕೇಳಿದಾಗ ಚಲೋ ಆತು ಅಂದುಬಿಟ್ಟೆ ಎಂದು ಅವ್ವ ಒಮ್ಮೆ ನನ್ನೆದುರು ಒಪ್ಪಿಕೊಂಡಳು. ಅವರ ಮನೆಯವರು ಊರು ಬಿಟ್ಟರು. ಅವರ ಗೋರಿ ಎಲ್ಲಿದೆ ಎಂದು ಅವ್ವ ಕೇಳಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ.

ಈ ವರ್ಷ ನಾವು ಹೋದಾಗ ಎಂದಿನಂತೆ ಅವ್ವ ಮೊದಲು ಕಸ ಕಿತ್ತಳು. ಕಿತ್ತ ಮುಳ್ಳು, ಎಕ್ಕೆ ಎಲ್ಲವನ್ನೂ ಪಕ್ಕದ ಗೋರಿಯ ಮೇಲೆ ಎಸೆದಳು. ಅದು ಯಾರೂ ದಿಕ್ಕಿಲ್ಲದ ಗೋರಿ, ನೆಲಕ್ಕೆ ಕುಸಿದದ್ದು, ವರ್ಷಗಟ್ಟಲೆ ನಾವು ಕಸ ಹಾಕುವ ಜಾಗವೇ ಅದು. "ಇವನ ಮಂದಿ ಎಲ್ಲಿ ಸತ್ತಾರೋ, ಒಂದ ವರ್ಷರೆ ಬಂದು ನೋಡಬಾರದೇನು" ಎಂದು ಅದರ ಕಡೆ ನೋಡಿ ಗೊಣಗುವುದೂ ಪದ್ಧತಿಯಲ್ಲೇ ಸೇರಿತ್ತು. ಆಮೇಲೆ ಸುಣ್ಣ ಕಲಸಿ ಕಲ್ಲುಗಳಿಗೆ ಬಳಿಯತೊಡಗಿದಳು. ಅರ್ಧ ಸುತ್ತು ಬೆಳ್ಳಗಾಗಿತ್ತು.

ಅಷ್ಟರಲ್ಲಿ ಹೊಸ ಪಾಸ್ಟರು ಬಂದರು. ಗೋರಿಗಳಿಗೆಲ್ಲ ನಂಬರು ಹಾಕಿಸಿ ಪಟ್ಟಿ ಮಾಡಿಸುತ್ತಿದ್ದರು. ಹಳೆಯ ಗೋರಿಗಳ ಗುರುತು ಹೇಳಲು ಯಲವಿಗಿಯಲ್ಲಿ ಮಗಳ ಮನೆಯಲ್ಲಿದ್ದ ಮುದುಕರೊಬ್ಬರನ್ನು ಕರೆಸಿದ್ದರು. ಗೋರಿ ತೋಡುತ್ತಿದ್ದ ಆ ಸಾಬರ ಹುಡುಗನೇ ಇವರು. ಗಡ್ಡವೆಲ್ಲ ಬಿಳಿ, ಕೈಯಲ್ಲಿ ಕೋಲು. ಅವ್ವ ಗುರುತು ಹಿಡಿದು ಎದ್ದು ನಿಂತಳು.

"ಚಾಚಾ, ನೀವಲ್ಲೇನ್ರಿ ನನಗ ಜಾಗಾ ತೋರಿಸಿದ್ದು? ಮಾಸ್ತರ ಹೆಂಡ್ತಿ ನಾನು."

ಚಾಚಾ ಬಹಳ ಹೊತ್ತು ಬೆಳ್ಳನೆಯ ಕಲ್ಲುಗಳನ್ನು ನೋಡಿದರು. ನಂತರ ಬೇವಿನ ಗಿಡ ನೋಡಿದರು.

"ಅಕ್ಕಾರ, ಇದು ಮಾಸ್ತರದ್ದಲ್ರಿ."

"ಅದು ಹೆಂಗ ಆಗತೈತಿ? ಮೂರನೇದು ಅಂತ ನೀವ ಹೇಳಿದ್ರಿ."

"ಮೂರನೇದು ಖರೆ. ಗಿಡದ ಬುಡಕ ಒಂದು ಕೂಸಿನ ಗೋರಿ ಐತ್ರಿ, ನೆಲಾ ಸಮ ಆಗೈತಿ. ನೀವು ಅದನ್ನ ಎಣಿಸಿಲ್ಲ."

ನಾನು ನಂಬಲಿಲ್ಲ. ಮುದುಕರಿಗೆ ಮರೆವು ಎಂದು ಜೋರಾಗಿಯೇ ಹೇಳಿದೆ. ಚಾಚಾ ಬೇಸರಿಸಲಿಲ್ಲ. ಪ್ರತಿ ಗೋರಿಯ ತಲೆಯ ಕಡೆ, ಒಂದು ಗೇಣು ಆಳದಲ್ಲಿ, ಗುರುತಿಗೆ ಏನಾದರೊಂದು ನಿಲ್ಲಿಸುವುದು ತಮ್ಮ ಪದ್ಧತಿ ಎಂದರು. ಸಾಮಾನ್ಯವಾಗಿ ಒಡೆದ ಹಂಚು. ಅಪ್ಪನಿಗೆ ಮಾತ್ರ ಅವರ ಶಾಲೆಯ ಚೀಲದಲ್ಲಿದ್ದ ಬರೆಯುವ ಪಾಟಿ ಇಟ್ಟಿದ್ದರಂತೆ. ಅವರು ನಮ್ಮ ಕಸದ ಗುಡ್ಡೆಯನ್ನು ಕೋಲಿನಿಂದ ಸರಿಸಿ, ಕೂತು, ನನ್ನ ಕುಡಗೋಲಿನಿಂದ ಮಣ್ಣು ಕೆದರಿದರು. ಚೌಕಟ್ಟನ್ನು ಗೆದ್ದಲು ತಿಂದಿತ್ತು. ಕಪ್ಪು ಕಲ್ಲು ಮಾತ್ರ ಹಾಗೇ ಇತ್ತು. ಚಾಚಾ ಅದನ್ನು ಅಂಗಿಯ ತುದಿಯಿಂದ ಒರೆಸಿ ಅವ್ವನ ಕೈಗೆ ಕೊಟ್ಟರು.

ಅವ್ವ ಪಾಟಿಯನ್ನು ನೋಡಲಿಲ್ಲ. ಕಸದ ಗುಡ್ಡೆಯನ್ನು ನೋಡುತ್ತಿದ್ದಳು. ಕೊನೆಗೆ ಸುಣ್ಣದ ಕಡೆ ತಿರುಗಿ, "ಹಂಗಾರ ಇಲ್ಲಿ ಯಾರು ಅದಾರ?" ಎಂದಳು.

ಚಾಚಾ ಹೇಳಿದರು. ಪಾಸ್ಟರಿಗೆ ಅದು ಬರೀ ಒಂದು ಹೆಸರು, ಬರೆದುಕೊಂಡರು. ಅಪ್ಪನ ಹಾರ್ಮೋನಿಯಂ ಕಸಿದುಕೊಂಡ ಹಿರಿಯರು. ನಲವತ್ತು ವರ್ಷ ನಾವು ಸುಣ್ಣ ಬಳಿದದ್ದು ಅವರಿಗೆ, ಮೇಣದಬತ್ತಿ ಹಚ್ಚಿದ್ದು ಅವರಿಗೆ, ಕಸ ಎಸೆದದ್ದು ಅಪ್ಪನ ಮೇಲೆ. ಅವರ ಪಕ್ಕದಲ್ಲಿ ಕೂರಬೇಡಿ ಎಂದು ಅವ್ವ ಪ್ರತಿ ವರ್ಷ ಹೇಳಿದ್ದೂ ಅವರಿಗೇ.

ನಾನು ಬಗ್ಗಿ ಒಂದು ಕಲ್ಲು ಎತ್ತಿದೆ. ಎಲ್ಲವನ್ನೂ ಕಿತ್ತು ಅಪ್ಪನ ಸುತ್ತ ಜೋಡಿಸಿಬಿಡೋಣ ಎಂದು.

"ಕೈ ಹಚ್ಚಬ್ಯಾಡ," ಎಂದಳು ಅವ್ವ. ಆ ದನಿ ಕೇಳಿ ಕಲ್ಲು ಇದ್ದಲ್ಲೇ ಇಟ್ಟೆ.

ಅಪ್ಪನ ಮೇಲಿನ ಕಸವನ್ನು ಅವಳೇ ಒಂದೊಂದಾಗಿ ತೆಗೆದಳು. ಎಪ್ಪತ್ತು ದಾಟಿದ ಕೈಗೆ ಮುಳ್ಳು ಚುಚ್ಚಿ ರಕ್ತ ಬಂತು, ನನ್ನನ್ನು ಹತ್ತಿರ ಸೇರಿಸಲಿಲ್ಲ. ಸುಣ್ಣದ ಬಕೀಟು ಹಾಗೇ ಉಳಿಯಿತು. ಅರ್ಧ ಬಿಳಿ, ಅರ್ಧ ಕಪ್ಪು ಕಲ್ಲುಗಳ ಸುತ್ತನ್ನು ಬಿಟ್ಟು ನಾವು ದೊಡ್ಡಪ್ಪನ ಮನೆಗೆ ಬಂದೆವು.

ಅವ್ವ ಊಟ ಮಾಡಲಿಲ್ಲ. ದೊಡ್ಡಪ್ಪನ ಸೊಸೆ ಮುಂದಿಟ್ಟ ಸವಣೂರು ಖಾರವನ್ನೂ ಮುಟ್ಟಲಿಲ್ಲ. ನನಗೆ ಅವಳ ದುಃಖ ಪೂರ್ತಿ ತಿಳಿದದ್ದು ಆಗ. ಅವಳನ್ನು ಕಾಡುತ್ತಿದ್ದದ್ದು ಆ ಹಿರಿಯರಲ್ಲ, ಅಪ್ಪ.

"ಅವರಿಗೆ ಏನೂ ಗೊತ್ತಿಲ್ಲಲ್ಲ," ಎಂದಳು. "ನೀ ಪಾಸಾಗಿದ್ದು ಗೊತ್ತಿಲ್ಲ. ಮಗಾ ಹೆಂಗದಾನ ಗೊತ್ತಿಲ್ಲ. ಒಬ್ಬರೂ ಮಾತಾಡ್ಸವಲ್ರು, ನನ್ನ ಮರತಾರ ಅಂತ ತಿಳಕೊಂಡಿರ್ತಾರ. ಮ್ಯಾಲ ಕಸಾ ಬ್ಯಾರೆ."

ಪರಲೋಕದ ಮಾತು ಬಂದರೆ ಹೊರಳಿಹೋಗುವ ನಾನು ಆ ಸಂಜೆ ಹೊರಳಲಿಲ್ಲ. ಅಲ್ಲಿಗೆ ಸುದ್ದಿ ಮುಟ್ಟಲು ಗೋರಿಯ ನಂಬರು ಬೇಕಿಲ್ಲ, ದೇವರಿಗೆ ಎಲ್ಲ ಗೊತ್ತು ಎಂದೆ. ಬಾಯಿಪಾಠದ ಮಾತು, ನನಗೇ ಸಪ್ಪೆ ಎನಿಸಿತು. ಅವ್ವ ಕೇಳಿಸಿಕೊಂಡು, "ದೇವರಿಗೆ ಗೊತ್ತಿರ್ತೈತಿ. ನಾ ಹೇಳಿದ್ದು ನಿಮ್ಮಪ್ಪಗ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಮೂಡಲ ಕಡೆ ಇನ್ನೂ ಕೆಂಪಾಗಿರಲಿಲ್ಲ, ನಾವೆಲ್ಲ ಗೋರಿಗಳ ನಡುವೆ ನಿಂತಿದ್ದೆವು. ಅಲ್ಲಲ್ಲಿ ಮೇಣದಬತ್ತಿ ಹತ್ತಿದವು. ಅವ್ವ ಒಂದನ್ನು ಅಪ್ಪನ ತಲೆಯ ಕಡೆ, ಪಾಟಿಯ ಪಕ್ಕದಲ್ಲಿ ಹಚ್ಚಿ ಇಟ್ಟಳು. ಎರಡನೆಯದು ಎಂದಿನಂತೆ ಅವಳ ಕೈಯಲ್ಲಿತ್ತು. ಹಾಡಾಯಿತು. ಪಾಸ್ಟರು ಕರ್ತನ ಪ್ರಾರ್ಥನೆ ತೆಗೆದರು, ಎಲ್ಲರೂ ಕೂಡಿಕೊಂಡರು. ಆ ಸಾಲು ಹತ್ತಿರ ಬಂದಂತೆ ನಾನು ಹೇಳುವುದನ್ನು ನಿಲ್ಲಿಸಿ ಕೆಮ್ಮಿಗೆ ಕಾದೆ. ಕೆಮ್ಮು ಬರಲಿಲ್ಲ. ಅವ್ವ ಹೇಳಿದಳು. ಎಲ್ಲರಿಗಿಂತ ಒಂದು ಮಾತು ಹಿಂದೆ ಬಿದ್ದಳು, ಆದರೆ ಪೂರ್ತಿ ಹೇಳಿದಳು.

ಜನ ಚದುರಿದ ಮೇಲೆ ಅವಳು ಬಕೀಟಿಗೆ ನೀರು ಹಾಕಿ ಸುಣ್ಣ ಕಲಸಿದಳು. ಅಪ್ಪನ ಕಡೆ ಹೋಗುತ್ತಾಳೆ ಎಂದುಕೊಂಡೆ. ಅವಳು ಹಿರಿಯರ ಗೋರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಿನ್ನೆ ಉಳಿದಿದ್ದ ಕಪ್ಪು ಕಲ್ಲುಗಳಿಗೆ ಒಂದೊಂದಾಗಿ ಬಳಿಯತೊಡಗಿದಳು. ಆಮೇಲೆ ಎರಡನೆಯ ಮೇಣದಬತ್ತಿಯನ್ನು ಹಚ್ಚಿ ಅವರ ತಲೆಯ ಕಡೆ ನೆಟ್ಟಳು. ಇಷ್ಟು ವರ್ಷ ಅವನು, ಅವ ಎಂದೇ ಕರೆದವಳು ಅವಳು. ಈಗ ಸೆರಗು ಸರಿಮಾಡಿಕೊಂಡಳು.

"ನಲವತ್ತು ವರ್ಷದ್ದು ನಿಮ್ಮ ಮುಂದನ ಹೇಳೇನ್ರಿ," ಎಂದಳು. "ನೀವೂ ಎದ್ದು ಹೋಗಲಾರದ ಕೇಳೀರಿ. ಬಾಜೂಕ ಅವರದಾರ. ಎಲ್ಲಾ ಹೇಳ್ರಿ ಅವರಿಗೆ, ಒಂದೂ ಬಿಡಬ್ಯಾಡ್ರಿ. ಮಗಳು ಪಾಸಾಗಿದ್ದು ಮೊದ್ಲ ಹೇಳ್ರಿ."

ಎದ್ದು ನಿಲ್ಲಲು ನನ್ನ ಭುಜ ಹಿಡಿದಳು. ಎರಡು ಹೆಜ್ಜೆ ಇಟ್ಟವಳು ಮತ್ತೆ ಹಿಂತಿರುಗಿದಳು.

"ಪೆಟಿಗಿ ಮಾತು ನಾ ಹೇಳಂಗಿಲ್ರಿ. ಅದನ್ನ ನೀವ ಅವರ ಮುಂದ ಮಾತಾಡ್ರಿ."

ಆಮೇಲೆ ನಾವಿಬ್ಬರೂ ಅಪ್ಪನಿಗೆ ಕಲ್ಲು ಹುಡುಕಲು ಹೊಲದ ಬದುವಿನ ಕಡೆ ಹೋದೆವು. ಬಕೀಟು ನಾನೇ ಹಿಡಿದಿದ್ದೆ, ಅವಳು ಕೇಳುವ ಮೊದಲೇ.