ಫಳಾರದ ಮನೆ

ನನ್ನ ಮದುವೆ ಒಂದೇ ಒಂದು ಮಾತಿನ ಮೇಲೆ ಗೊತ್ತಾಯಿತು. ಆ ಮಾತು ಫಳಾರ.

ಮುಂಡಗೋಡ ತಾಲೂಕಿನಲ್ಲಿ, ಅತ್ತಿವೇರಿಯ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಫಳಾರ ಅಂದರೆ ಒಗ್ಗರಣೆ ಹಾಕಿದ ಅವಲಕ್ಕಿ, ಉಪ್ಪಿಟ್ಟು, ಚಕ್ಕುಲಿ, ಬೇಸನ್ ಉಂಡಿ. ಬೀಗರು ಬಂದಾಗ ಊಟಕ್ಕೆ ಮೊದಲು ಕೊಡುವ, ಊಟಕ್ಕಿಂತ ಹೆಚ್ಚು ರುಚಿಯಾದ ತಿಂಡಿ. ಮೂಲದಲ್ಲಿ ಅದು ಫಲಾಹಾರ, ಹಣ್ಣಿನ ಆಹಾರ ಎಂಬುದು ನಮ್ಮೂರಲ್ಲಿ ಯಾರಿಗೂ ನೆನಪಿರಲಿಲ್ಲ. ಹಿಂದೆ ಉಪವಾಸದ ದಿನ ಬಾಳೆಹಣ್ಣು ತಿನ್ನುತ್ತಿದ್ದರೆಂದು ಕಾಣುತ್ತದೆ. ಯಾರೋ ಜಾಣೆ ಅದರ ಪಕ್ಕದಲ್ಲಿ ಒಂದು ಹಿಡಿ ಅವಲಕ್ಕಿ ಇಟ್ಟಳು, ಇನ್ನೊಬ್ಬಳು ಅದಕ್ಕೆ ಒಗ್ಗರಣೆ ಕೊಟ್ಟಳು, ಮುಂದೆ ಬಾಳೆಹಣ್ಣು ಹೋಗಿ ಹೆಸರಷ್ಟೇ ಉಳಿಯಿತು.

ಸಂಬಂಧ ತಂದವರು ನಮ್ಮ ದೂರದ ಸೋದರಮಾವ. ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಹೇಳಿದರು. "ಹುಡುಗ ದಾಂಡೇಲಿ ಕಾಗದದ ಕಾರ್ಖಾನ್ಯಾಗ ನೌಕರಿ ಮಾಡ್ತಾನ. ಅಲ್ಲೇ ಬಾಜೂಕ ಅಂಬೇವಾಡ್ಯಾಗ ಸ್ವಂತ ಮನಿ ಐತಿ. ಅವರಪ್ಪ ಕಟ್ಟಿಗಿ ಡಿಪೋದಾಗ ಇದ್ದು ನಿವೃತ್ತಿ ಆಗ್ಯಾರ. ಭಾಳ ಸಾತ್ವಿಕ ಮಂದಿ. ಮನ್ಯಾಗ ಮೂರೂ ಹೊತ್ತು ಬರೇ ಫಳಾರ."

"ಮೂರೂ ಹೊತ್ತು?" ಅಂದ ಅಪ್ಪ.

"ಮೂರೂ ಹೊತ್ತು. ಅನ್ನ ರೊಟ್ಟಿ ಮುಟ್ಟೂದ ಇಲ್ಲ."

ದಿನವೂ ಮೂರು ಹೊತ್ತು ಚಕ್ಕುಲಿ ಉಂಡಿ ತಿನ್ನುವ ಮನೆ ಎಂಥ ಮನೆಯಿರಬೇಕೆಂದು ಅಪ್ಪನ ಕಣ್ಣು ದೊಡ್ಡದಾಯಿತು. ಅವ್ವ ಮಾತ್ರ ಒಳಗಿನಿಂದ, "ದಿನಾ ಕರದದ್ದು ತಿಂದ್ರ ಹೊಟ್ಟಿ ತಡೀತೈತೇನು?" ಎಂದಳು. "ಶ್ರೀಮಂತರ ಹೊಟ್ಟಿ ಬ್ಯಾರೆ ಇರ್ತೈತಿ, ನೀ ಸುಮ್ಮನಿರು," ಎಂದು ಅಪ್ಪ ಅವಳ ಬಾಯಿ ಮುಚ್ಚಿಸಿದ. ಮದುವೆಯಲ್ಲಿ ಹುಡುಗನ ಅಪ್ಪ, ಅಂದರೆ ನನ್ನ ಮಾವ, ಎರಡು ಬಾಳೆಹಣ್ಣು ತಿಂದು ಕೈ ತೊಳೆದಾಗಲೂ ಯಾರಿಗೂ ಅನುಮಾನ ಬರಲಿಲ್ಲ. ಏನೋ ದೊಡ್ಡ ವ್ರತವಿರಬೇಕೆಂದು ನಮ್ಮವರು ಸಾಲಾಗಿ ನಿಂತು ಅವರ ಕಾಲಿಗೆ ಬಿದ್ದರು.

ಅಂಬೇವಾಡಿಯ ಮನೆಗೆ ಕಾಲಿಟ್ಟ ಸಂಜೆ ಅತ್ತೆ ನನ್ನ ಮುಂದೆ ಹಿತ್ತಾಳೆಯ ತಟ್ಟೆ ಇಟ್ಟರು. ಅದರಲ್ಲಿ ಮಾವಿನಹಣ್ಣು, ಹಲಸಿನ ತೊಳೆ, ಕೊಬ್ಬರಿ ಹೋಳು, ನೆನೆಸಿದ ಶೇಂಗಾ ಇದ್ದವು. ನಾನು ನೈವೇದ್ಯವೆಂದು ತಿಳಿದು ತಟ್ಟೆಗೆ ಕೈಮುಗಿದೆ. ಒಂದು ಚೂರು ಕೊಬ್ಬರಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡು, ಊಟಕ್ಕೆ ಕಾಯುತ್ತಾ ಕೂತೆ. ಉಳಿದವರೆಲ್ಲ ತಿಂದು ಮುಗಿಸಿದರು.

"ಉಣ್ಣವಾ, ನಾಚಬ್ಯಾಡ," ಅಂದರು ಅತ್ತೆ.

"ಊಟ ಇನ್ನೂ ಹಾಕಿಲ್ಲಲ್ರಿ," ಅಂದೆ.

"ಇದ ಊಟ."

ಹೊಸ ಸೊಸೆಯನ್ನು ಚೇಷ್ಟೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ಒಲೆಯ ತುಂಬ ಮಣ್ಣು ತುಂಬಿತ್ತು. ಆ ಮಣ್ಣಿನಲ್ಲಿ ಕೊತ್ತಂಬರಿ ಸೊಂಪಾಗಿ ಬೆಳೆದಿತ್ತು. ಅತ್ತೆ ಚೆಂಬಿನಲ್ಲಿ ಒಲೆಗೆ ನೀರು ಹಾಕುತ್ತಿದ್ದರು.

ಮಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಮನಸಾರೆ ಬೈದುಕೊಂಡಾದರೂ ಇರುತ್ತಿದ್ದೆ. ಹೊಟ್ಟೆಶೂಲೆಯಿಂದ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದವರು ಯಾರೋ ಪ್ರಕೃತಿ ಚಿಕಿತ್ಸೆಯವರ ಮಾತು ಕೇಳಿ ಬೇಯಿಸಿದ್ದನ್ನೂ ಹಾಲು ಮೊಸರನ್ನೂ ಬಿಟ್ಟು ಹಣ್ಣು ಹಿಡಿದಿದ್ದರು. ಶೂಲೆ ಹೋಯಿತು, ಮಾತು ಬಂತು. ಜೀವಮಾನವೆಲ್ಲ ಕಟ್ಟಿಗೆ ಅಳೆದ ಮನುಷ್ಯ ಬೆಂಕಿಯ ಹೆಸರೆತ್ತಿದರೆ ಸಾಕು, ಪಡಸಾಲೆಯಲ್ಲಿ ಕೂತು ಶುರುಮಾಡುತ್ತಿದ್ದರು.

"ಕುದಿಸಿದ ಕಡಲಿ ಬಿತ್ತಿದ್ರ ಮೊಳಕಿ ಬರ್ತೈತೇನು? ಇಲ್ಲ. ಅಂದ್ರ ಅದು ಸತ್ತೈತಿ. ಸತ್ತದ್ದು ತಿಂದು ಬದುಕತೇವಿ ಅನ್ನೂದು ಎಂಥಾ ಮಾತು?"

ರೊಟ್ಟಿಯನ್ನು ಯಾರು ಬಿತ್ತುತ್ತಾರೆ ಮಾವನವರೇ, ಎಂದು ಕೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಹೊಸ ಸೊಸೆ, ಸೆರಗು ಕಚ್ಚಿಕೊಂಡು ನಿಂತಿರುತ್ತಿದ್ದೆ. ಹಾಲಿನ ವಿಷಯದಲ್ಲಿ ಅವರು ಇನ್ನೂ ಗಟ್ಟಿ. "ಎಮ್ಮಿ ಹಾಲು ಇಳಸೂದು ತನ್ನ ಕರುವಿಗೆ. ನಡುವ ನಾವು ಚರಿಗಿ ಹಿಡಕೊಂಡು ಕುಂಡ್ರೂದು ಕಳತನ ಅಲ್ಲೇನು?" ಎನ್ನುವರು. ಹಿತ್ತಲಿನ ಎಮ್ಮೆಯ ಹಾಲೆಲ್ಲ ಕರುವಿಗೇ ಹೋಗುತ್ತಿತ್ತು. ಕರು ಪೈಲ್ವಾನನಂತಾಗಿ ನಮ್ಮನ್ನು ಕಂಡರೆ ಗುಟುರು ಹಾಕುತ್ತಿತ್ತು. "ಈ ಮನ್ಯಾಗ ಹೊಟ್ಟಿ ತುಂಬಾ ಉಣ್ಣೂದು ಅದೊಂದ ನೋಡು," ಎಂದು ಅತ್ತೆ ಒಮ್ಮೆ ನನ್ನ ಕಿವಿಯಲ್ಲಿ ಅಂದರು.

ಆದರೆ ಮಾವನ ಒಂದು ಮಾತನ್ನು ಮಾತ್ರ ಇವತ್ತಿಗೂ ತೆಗೆದುಹಾಕಲು ನನಗಾಗಿಲ್ಲ. "ಜೋಳ ತನ್ನಷ್ಟಕ್ಕ ತಾ ಕೊಡೂದಿಲ್ಲವಾ. ಕೊಯ್ಯಬೇಕು, ಬಡೀಬೇಕು, ಬೀಸಬೇಕು, ಸುಡಬೇಕು. ಹಣ್ಣು ಹಂಗಲ್ಲ. ತಾನ ಕೆಂಪಾಗಿ, ತಾನ ವಾಸನಿ ಬಿಟ್ಟು, ತಿನ್ನು ಬಾ ಅಂತ ಕರೀತೈತಿ. ಜಗತ್ತಿನ್ಯಾಗ ಮನಸಾರೆ ಕೊಡೂ ಊಟ ಅದೊಂದ." ಹೀಗೆ ಹೇಳುವಾಗ ಅವರ ದನಿ ಮೆತ್ತಗಾಗುತ್ತಿತ್ತು. ಆ ಮಾತು ನನಗೆ ಇಷ್ಟವಾಗುತ್ತಿತ್ತು ಎಂದು ಹೇಳಲು ನಾಚಿಕೆಯೇನಿಲ್ಲ.

ಮೊದಲು ಕಷ್ಟವೂ ಇರಲಿಲ್ಲ. ಮಾವು ಹಲಸಿನ ಕಾಲ, ಹದಿನೆಂಟರ ಹುಡುಗಿಗೆ ಊಟದ ಬದಲು ಹಣ್ಣು ಕೊಟ್ಟರೆ ಬೇಡವೇ? ಸೂಪಾ ಕಡೆಯಿಂದ ಒಬ್ಬ ಸಿದ್ದಿ ಹೆಂಗಸು ತಲೆಯ ಮೇಲೆ ಹಲಸು, ಬುಟ್ಟಿಯಲ್ಲಿ ನೇರಳೆ, ಮುರುಗಲ ಹಣ್ಣು ತರುತ್ತಿದ್ದಳು. ಇಳಿಸಿ ಇಳಿಸಿ ಸಾಕಾಗಿ ಒಂದು ದಿನ ನನ್ನನ್ನೇ ಕೇಳಿದಳು. "ನಾಕ ಮಂದಿ ಅದೀರಿ. ಇಷ್ಟು ಹಣ್ಣು ಯಾರ ತಿಂತಾರವಾ? ಹಿತ್ತಲದಾಗ ಆನಿ ಕಟ್ಟೀರೇನು?"

ಆಮೇಲೆ ಮಳೆ ಹಿಡಿಯಿತು. ಮಾವು ಮುಗಿಯಿತು, ಹಲಸು ನೀರಾಯಿತು, ಸಿದ್ದಿ ಹೆಂಗಸು ನಾಟಿ ಕೆಲಸಕ್ಕೆ ಹೋದಳು. ತಟ್ಟೆಯಲ್ಲಿ ಸೌತೆಕಾಯಿ, ಬಾಳೆಹಣ್ಣು, ನೆನೆಸಿದ ಶೇಂಗಾ ಉಳಿದವು. ಹಗಲೂ ಇರುಳೂ ಮಳೆ ಸುರಿಯುವಾಗ ತಣ್ಣನೆಯ ಸೌತೆಕಾಯಿ ತಿಂದು ನೋಡಿ, ಆಮೇಲೆ ನನ್ನ ಹತ್ತಿರ ಮಾತಾಡಿ. ಹಸಿ ಎಂಬ ಮಾತಿಗೂ ಹಸಿವು ಎಂಬ ಮಾತಿಗೂ ನಡುವೆ ಒಂದೇ ಅಕ್ಷರ ಇರುವುದು ಸುಮ್ಮನೆ ಅಲ್ಲವೆಂದು ನನಗೆ ಆಗ ತಿಳಿಯಿತು.

ಉಳಿದವರಿಗೆ ದಾರಿಯಿತ್ತು. ನನ್ನ ಗಂಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅನ್ನ ಸಾರು ಹೊಡೆದು ಬಂದು, ಮನೆಯಲ್ಲಿ ಒಂದು ಬಾಳೆಹಣ್ಣು ತಿಂದು ಹೊಟ್ಟೆ ತುಂಬಿತೆಂದು ತೇಗುತ್ತಿದ್ದರು. ಬಾಳೆಹಣ್ಣಿಗೆ ಬೆಳ್ಳುಳ್ಳಿಯ ತೇಗು ಬರುವುದನ್ನು ನಾನು ಆ ಮನೆಯಲ್ಲೇ ಕಂಡದ್ದು. ಅತ್ತೆ ದಿನಾ ಮಧ್ಯಾಹ್ನ ಪಕ್ಕದ ಮನೆಗೆ ಭಜನೆಗೆ ಹೋಗುತ್ತಿದ್ದರು. ತಾಳದ ಸಪ್ಪಳ ಒಂದು ದಿನವೂ ಕೇಳಲಿಲ್ಲ. ಅವರು ತಿರುಗಿ ಬಂದಾಗ ಸೀರೆಗೆ ಒಗ್ಗರಣೆಯ ವಾಸನೆ ಇರುತ್ತಿತ್ತು. ಹೊಸ ಸೊಸೆಯಾದ ನಾನು ಹೊಸ್ತಿಲು ದಾಟುವಂತಿರಲಿಲ್ಲ. ಹೀಗಾಗಿ ಆ ಮನೆಯಲ್ಲಿ ಮಾವನ ಶಾಸ್ತ್ರವನ್ನು ನಿಜವಾಗಿ ಪಾಲಿಸುತ್ತಿದ್ದವರು ಇಬ್ಬರೇ. ಒಬ್ಬರಿಗೆ ನಂಬಿಕೆಯಿತ್ತು, ಇನ್ನೊಬ್ಬಳಿಗೆ ಬೇರೆ ಗತಿಯಿರಲಿಲ್ಲ.

ಮಾವನಿಗೆ ಅದೆಲ್ಲಿ ಗೊತ್ತು? ಅವರಿಗೆ ನನ್ನ ಮೇಲೆ ಎಲ್ಲಿಲ್ಲದ ಅಭಿಮಾನ ಹುಟ್ಟಿತು. ಮನೆಗೆ ಯಾರೇ ಬರಲಿ, ನನ್ನನ್ನು ಕರೆಸಿ ನಿಲ್ಲಿಸುತ್ತಿದ್ದರು. "ನಮ್ಮ ಸೊಸಿ ನೋಡ್ರಿ. ಬಂದ ಮ್ಯಾಲೆ ಒಂದು ಅಗಳು ಬೆಂದದ್ದು ಮುಟ್ಟಿಲ್ಲ. ಮುಖದಾಗ ಎಂಥಾ ಕಳಾ ಬಂದೈತಿ!" ಅದು ಕಳೆಯಲ್ಲ, ಸಿಟ್ಟು. ಬಂದ ಹೆಂಗಸರು ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿದು, ತಲೆಗೆ ಹೂ ಮುಡಿಸಿ ಹೋಗುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ಯಾರೋ ನನ್ನನ್ನು ನೋಡಿಯೇ ಕಟ್ಟಿರಬೇಕು.

ಆಷಾಢದಲ್ಲಿ ತವರಿಗೆ ಕರೆದೊಯ್ಯುತ್ತಾರೆಂದು ದಾರಿ ಕಾಯುತ್ತಿದ್ದೆ. ಅಪ್ಪ ಬರಲಿಲ್ಲ. ಮುಂಡಗೋಡದಿಂದ ಬಂದ ಒಬ್ಬರ ಕೈಯಲ್ಲಿ ಮಾತು ಕಳಿಸಿದ. "ಹಳ್ಳಾ ಬಂದೈತಿ, ಗದ್ದಿ ಕೆಲಸ ಐತಿ. ಪಂಚಮಿಗೇ ಬರ್ತೇನಿ. ಹೆಂಗೂ ಫಳಾರದ ಮನ್ಯಾಗ ಅದಾಳ, ಆಕಿಗೇನು ಕಮ್ಮಿ?" ಆ ದಿನ ನಾನು ಹಿತ್ತಲಿಗೆ ಹೋಗಿ ಕರುವನ್ನು ಬೈದೆ. ಬೈಯಲು ನನಗಿಂತ ಕಿರಿಯದು ಆ ಮನೆಯಲ್ಲಿ ಅದೊಂದೇ ಇತ್ತು.

ಪಂಚಮಿಯ ಹಿಂದಿನ ದಿನ ಅಪ್ಪ ಬಂದ. ಬೀಗರ ಎದುರು ತಲೆ ತಗ್ಗಿಸಬಾರದೆಂದು ದೊಡ್ಡ ಬುಟ್ಟಿಯ ತುಂಬ ಉಂಡಿ, ಚಕ್ಕುಲಿ, ಜೋಳ ಹುರಿದ ಅಳ್ಳು, ಹಚ್ಚಿದ ಅವಲಕ್ಕಿ ತಂದಿದ್ದ. ಮಾವನ ಮುಂದೆ ಬುಟ್ಟಿ ಇಳಿಸಿ, "ನಿಮ್ಮ ಮನಿ ಫಳಾರದ ಮುಂದ ನಮ್ಮದೇನೂ ಅಲ್ರಿ," ಎಂದು ಕೈಮುಗಿದ.

ಮಾವ ಬಗ್ಗಿ ನೋಡಿದರು. "ಇದ್ರಾಗ ಫಳಾರ ಎಲ್ಲೈತ್ರಿ?"

"ಇಷ್ಟೂ ಫಳಾರನ ಅಲ್ರಿ?"

"ಒಂದೂ ಹಣ್ಣಿಲ್ಲ. ಹಣ್ಣಿಲ್ಲದ ಫಳಾರ ಹೆಂಗ ಆಗ್ತೈತ್ರಿ?"

"ಹಣ್ಣು ಕೊಟ್ರ ಅದು ಹೆಂಗ ಫಳಾರ ಆಗ್ತೈತ್ರಿ?"

ಇಬ್ಬರೂ ಮರ್ಯಾದೆಯ ಮನುಷ್ಯರು, ರೀ ಬಿಟ್ಟು ಮಾತಾಡಲಿಲ್ಲ. ಆದರೆ ದನಿ ಏರುತ್ತಾ ಹೋಯಿತು. ಮಾವ ಸಂಸ್ಕೃತಕ್ಕೆ ಹೋದರು, ಅಪ್ಪ ಅತ್ತಿವೇರಿಗೆ ಹೋದ. ನಾನು ಬಾಗಿಲ ಹಿಂದೆ ನಿಂತು ಉಂಡಿಯ ವಾಸನೆ ಹೀರುತ್ತಿದ್ದೆ. ಅಷ್ಟರಲ್ಲಿ ಅತ್ತೆ ಪದ್ಧತಿಯಂತೆ ತಟ್ಟೆ ತಂದು ಅಪ್ಪನ ಮುಂದೆ ಇಟ್ಟರು. ತಟ್ಟೆಯಲ್ಲಿ ಸೌತೆಕಾಯಿ ಇತ್ತು. ಅಪ್ಪ ಸೌತೆಕಾಯಿ ನೋಡಿದ, ಬಾಗಿಲ ಸಂದಿಯಲ್ಲಿ ನನ್ನ ಮುಖ ನೋಡಿದ. ಆಗ ಅವನಿಗೆ ತಿಳಿಯಿತು.

"ನನ್ನ ಮಗಳಿಗೆ ಇದನ್ನ ಹಾಕಿ ಇಟ್ಟೀರೇನ್ರಿ?" ಎಂದು ಎದ್ದು ನಿಂತ. "ಗಂಟು ಕಟ್ಟವಾ, ಹೋಗೂಣು. ಪಂಚಮಿ ಮುಗಿದ ಮ್ಯಾಲೂ ಈಕೀನ್ನ ತಿರುಗಿ ಕಳಸೂದಿಲ್ಲ."

ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ ನನ್ನ ಗಂಡ ಕುಂಬಳಕಾಯಿ ಕಳ್ಳನಂತೆ ಬಾಯಿ ಒರೆಸಿಕೊಂಡರು. ಮಾವ ಮಾತ್ರ ಅಲುಗಾಡಲಿಲ್ಲ. "ಆಕೀನ್ನ ಕೇಳ್ರಿ," ಅಂದರು. "ಈ ಮನ್ಯಾಗ ಎಲ್ಲಾರಿಗಿಂತ ನಿಷ್ಠೆ ಆಕೀದು. ಆಕಿ ಬಿಟ್ಟು ಬರೂದಿಲ್ಲ." ಅವರ ದನಿಯಲ್ಲಿ ಎಷ್ಟು ಭರವಸೆ ಇತ್ತೆಂದರೆ ನನಗೆ ಅಳು ಬಂತು.

ಎಲ್ಲರೂ ನನ್ನ ಕಡೆ ತಿರುಗಿದರು. ಗಂಡನನ್ನು ಬಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ. ಕ್ಯಾಂಟೀನಿನ ವಿಷಯ ಬಿಟ್ಟರೆ ಅವರು ಒಳ್ಳೆಯವರು, ನನಗೆ ಅವರೆಂದರೆ ಪ್ರೀತಿ. ಇನ್ನೊಂದು ಸೌತೆಕಾಯಿ ತಿನ್ನಲೂ ನನ್ನಿಂದ ಆಗುತ್ತಿರಲಿಲ್ಲ. ಏನು ಹೇಳಬೇಕೆಂದು ಯೋಚಿಸುವ ಮೊದಲೇ ಬಾಯಿಂದ ಬಂತು.

"ನನಗ ರೊಟ್ಟಿ ಬೇಕು."

ದನಿ ಬೀದಿಗೆ ಕೇಳುವಷ್ಟು ದೊಡ್ಡದಾಗಿತ್ತು. ಮಾವನ ಮುಖ ಬಿಳುಪೇರಿತು. "ಹಸಿವಾಗಿತ್ತೇನವಾ?" ಅಂದರು.

"ಮಾವಿನಹಣ್ಣು ಮುಗದ ದಿನದಿಂದ್ರಿ."

"ಮತ್ತ ಹೇಳಲಿಲ್ಲಲ್ಲ?"

ಅಷ್ಟರಲ್ಲಿ ಅತ್ತೆಯ ಮಾತು ಬಂತು. "ನನಗೂ ಬೇಕು."

ಮಾವ ಹೆಂಡತಿಯ ಕಡೆ ತಿರುಗಿದರು. "ನಿನಗೂ? ಒಲಿಗೆ ಮಣ್ಣು ತುಂಬಿದಾಕಿ ನೀನ ಅಲ್ಲೇನು? ನಾ ಒಬ್ಬಾವ ಹಣ್ಣು ತಿಂತೇನಿ ಅಂದಿದ್ದೆ, ಅಷ್ಟ. ಮರುದಿನ ನೋಡಿದ್ರ ನೀ ಕೊತ್ತಂಬರಿ ಹಾಕಿದ್ದಿ. ನಿನಗೂ ಖರೇನ ಮನಸಿಗೆ ಬಂದೈತಿ ಅಂತ ತಿಳಕೊಂಡ್ನಿ."

"ನಿಮಗೊಂದು ಬಾಳಿಹಣ್ಣು ಕೊಟ್ಟು ನಿಮ್ಮ ಎದುರಿಗೆ ಕುಂತು ನಾ ರೊಟ್ಟಿ ಉಣ್ಣಬೇಕಾಗಿತ್ತೇನು?" ಅತ್ತೆಯ ಕಣ್ಣಲ್ಲಿ ನೀರಿತ್ತು. "ಸಿಟ್ಟಿಗೆ ಮಣ್ಣು ತುಂಬಿದೆ. ಬ್ಯಾಡ ಅಂತೀರಿ ಅಂತ ಕಾದೆ. ನೀವು ಭೇಷ್ ಅಂದ್ರಿ. ಅವತ್ತಿನಿಂದ ಮಂದಿ ಮನ್ಯಾಗ ಕುಂತು ಉಣ್ಣಾಕತ್ತೇನಿ."

ಭಜನೆಯ ವಿಷಯ ಹೀಗೆ ಬಯಲಾಯಿತು. ಯಾರೂ ಹೇರದ ನೇಮವನ್ನು ಒಂದು ಮನೆಗೆ ಮನೆಯೇ ವರ್ಷಗಟ್ಟಲೆ ಪಾಲಿಸಿತ್ತು. ಅಪ್ಪ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಮೆಲ್ಲಗೆ ಕೂತುಬಿಟ್ಟ.

ಅತ್ತೆ ಕಣ್ಣೊರೆಸಿಕೊಂಡು ಪಕ್ಕದ ಮನೆಗೆ ಹೋದರು. ತಿರುಗಿ ಬರುವಾಗ ಅವರ ಕೈಯಲ್ಲಿ ಹಂಚು, ಹಿಟ್ಟು ನಾದುವ ಕೊಣಮಿಗೆ, ಹಿಟ್ಟಿನ ಡಬ್ಬಿ ಇದ್ದವು. ಎಲ್ಲವೂ ನಮ್ಮ ಮನೆಯವೇ. ಹಿತ್ತಲ ಮಾಡಿನ ಕೆಳಗೆ ಮೂರು ಕಲ್ಲು ಹೂಡಿದೆವು. ಶ್ರಾವಣದ ಮಳೆಯಲ್ಲಿ ಒಣ ಕಟ್ಟಿಗೆ ಎಲ್ಲಿ ತರುವುದೆಂದು ನಾವು ನೋಡುತ್ತಿರುವಾಗ ಮಾವ ಕೊಡೆ ಹಿಡಿದು ಹೊರಟರು. ಬರುವಾಗ ಹೆಗಲ ಮೇಲೆ ಒಂದು ಹೊರೆ ಇತ್ತು. ಕೊಡೆಯನ್ನು ಕಟ್ಟಿಗೆಗೆ ಹಿಡಿದು ತಾವು ತೊಯ್ದಿದ್ದರು.

ಸಾಲಾಗಿ ಕೂತೆವು. ಮಾವ ತಮ್ಮ ಸೌತೆಕಾಯಿ, ಬಾಳೆಹಣ್ಣಿನ ತಟ್ಟೆ ಇಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತರು. ತಮ್ಮ ಶಾಸ್ತ್ರ ಬಿಡುವ ಮನುಷ್ಯ ಅವರಲ್ಲ, ಬಿಡಲೂ ಇಲ್ಲ. ಅತ್ತೆ ಬಡಿದ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ನಮ್ಮಲ್ಲಿ ಮೊದಲ ರೊಟ್ಟಿ ಮನೆಯ ಯಜಮಾನನಿಗೆ. ಅತ್ತೆಯ ಕೈ ಹಳೆಯ ರೂಢಿಯಲ್ಲಿ ಸೀದಾ ಮಾವನ ತಟ್ಟೆಯ ಕಡೆ ಹೋಗಿ, ಅಲ್ಲೇ ನಿಂತಿತು.

ಮಾವ ತಮ್ಮ ತಟ್ಟೆಯ ಮೇಲೆ ಅಂಗೈ ಮುಚ್ಚಿದರು. "ಮದಲ ಆಕಿಗೆ ಹಾಕು," ಅಂದರು. "ಆಕಿಗೆ ಹಸಿವಾಗೇತಿ."

ರೊಟ್ಟಿ ನನ್ನ ತಟ್ಟೆಗೆ ಬಿತ್ತು. ಬಿಸಿಗೆ ಬೆರಳು ಸುಟ್ಟಿತು. ನಾನು ಮೊದಲ ತುತ್ತು ನುಂಗುವ ತನಕ ಮಾವ ತಮ್ಮ ಹಣ್ಣು ಮುಟ್ಟದೆ ಕಾಯುತ್ತಾ ಕೂತಿದ್ದರು.