ಜೀಪಿನ ಮುಂದಿನ ಫಲಕ

ಜನರ ಆರೋಗ್ಯ ಕಾಪಾಡಲು ಸಂಸ್ಥೆಗಳು ಒಂದಾಗಬೇಕೆಂಬುದು ನಿರ್ವಿವಾದವಾದ ಸತ್ಯ. ಕೂರಲು ಕುರ್ಚಿ, ತಿನ್ನಲು ಉಪ್ಪಿಟ್ಟು ಸಿಕ್ಕರೆ ಅವು ಸಂಜೆಯವರೆಗೂ ಒಂದಾಗಿರುತ್ತವೆ.

ಬಸವಕಲ್ಯಾಣ, ಹುಮನಾಬಾದಿನ ಐದು ಸಂಸ್ಥೆಗಳು ಕ್ಷಯರೋಗದ ವಿರುದ್ಧ ಒಕ್ಕೂಟ ಕಟ್ಟಿದಾಗ ಸಭೆಯ ನಡಾವಳಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಸವಕಲ್ಯಾಣದ ಮೊದಲ ಸಭೆ ಒಕ್ಕೂಟಕ್ಕೆ ಹೆಸರಿಡುವುದರಲ್ಲೇ ಮುಗಿಯಿತು. ಎರಡನೆಯದು ಹುಮನಾಬಾದಿನಲ್ಲಿ. ಅಷ್ಟರಲ್ಲಿ ಹಳ್ಳಿಗಳಿಂದ ಕಫದ ಡಬ್ಬಿಗಳನ್ನು ಪರೀಕ್ಷೆಗೆ ತರಲು ಒಂದು ಜೀಪು ಗೊತ್ತುಮಾಡಲಾಗಿತ್ತು. ಅದರ ಮುಂದೆ ಯಾವ ಸಂಸ್ಥೆಯ ಫಲಕ ಕಟ್ಟಬೇಕೆಂಬ ಗಹನವಾದ ಪ್ರಶ್ನೆಯನ್ನು ಹಿರಿಯರು ಕೈಗೆತ್ತಿಕೊಂಡರು.

ಮುಡಬಿಯ ಆಶಾ ಕಾರ್ಯಕರ್ತೆ ಎದ್ದು ನಿಂತರು. "ಸರ, ನಮ್ಮೂರಾಗ ಕೂಲಿ ಮಾಡಾಕಿ ಒಬ್ಬಾಕಿ ತಿಂಗಳಾತು ಕೆಮ್ಮಾಕತ್ತಾಳ್ರಿ. ಜೀಪ್ ಯಾವಾಗ ಬರ್ತದ್ರಿ?"

"ಮೊದಲ ಬೋರ್ಡಿಂದು ಫೈಸಲಾ ಆಗ್ಲಿ, ಅಕ್ಕಾರ," ಎಂದರು ಅಧ್ಯಕ್ಷರು.

"ಅಲ್ಲೀತನಕ ಕೆಮ್ಮಬ್ಯಾಡ ಅಂತ ಆಕೀಗಿ ಹೇಳ್ಲೇನ್ರಿ?"

ನಾನು ನಡಾವಳಿಯಲ್ಲಿ 'ಸದಸ್ಯೆಯೊಬ್ಬರು ಉಪಯುಕ್ತ ಸಲಹೆ ನೀಡಿದರು' ಎಂದು ಬರೆದೆ. ಅಧ್ಯಕ್ಷರು ಅದನ್ನೂ ಹೊಡೆದುಹಾಕಿದರು.

ಮೂರನೆಯ ಸಭೆಯ ಹೊತ್ತಿಗೆ ಒಕ್ಕೂಟ ಬೆಳೆದು, ಊರಿಗೊಂದರಂತೆ ಎರಡಾಗಿತ್ತು. ಆಮೇಲೆ ಆ ಎರಡರ ನಡುವೆ ಸಮನ್ವಯ ತರಲು ಮೂರನೆಯದೊಂದನ್ನು ದೀಪ ಬೆಳಗಿ ಉದ್ಘಾಟಿಸಲಾಯಿತು. ಫಲಕವಿಲ್ಲದ ಜೀಪು ಮಾತ್ರ ನಿಂತಲ್ಲೇ ನಿಂತಿತ್ತು.

ಆಶಾ ಕಾರ್ಯಕರ್ತೆ ಇದಕ್ಕೆಲ್ಲ ಕಾದಿರಲಿಲ್ಲ. ಎರಡನೆಯ ಸಭೆಯ ಮರುದಿನವೇ ಆ ಹೆಂಗಸಿನ ಡಬ್ಬಿಯನ್ನು ಶೇರ್ ಆಟೊದಲ್ಲಿ ಬಸವಕಲ್ಯಾಣಕ್ಕೆ ಒಯ್ದಿದ್ದರು. ಕ್ಷಯವೆಂದು ವರದಿ ಬಂತು, ಮಾತ್ರೆಗಳು ಶುರುವಾದವು.