ಉಲ್ಟಾ ಬಾಗಿಲು

ಬೆಳಿಗ್ಗೆ ಕಂಟ್ರಾಕ್ಟರ್ ಶಿವು ಒಂದು ಬಿದಿರಿನ ಬೆಣೆಯನ್ನು ತಂದು ನನ್ನ ಕೈಗಿಟ್ಟರು. ತೋರುಬೆರಳಿನಷ್ಟು ಉದ್ದ, ಎಣ್ಣೆ ಕುಡಿದು ಕಪ್ಪಾದದ್ದು. ಬಿರುಕು ಬಿಟ್ಟ ಮುಂದಿನ ಗೋಡೆಯನ್ನು ಕೆಡವಿಸುತ್ತಿದ್ದೇವೆ. ಈಗ ಎರಡೂ ಬದಿಗೆ ಬಯಲು, ನಡುವೆ ಆಧಾರದ ಗಳುಗಳನ್ನು ಹಿಡಿದುಕೊಂಡು ನಮ್ಮ ತಲೆಬಾಗಿಲಿನ ಮರದ ಚೌಕಟ್ಟು, ವಾಸ್ಕಲ್ಲು, ಒಂದೇ ನಿಂತಿದೆ.

"ಇದೊಂದು ಸಡಿಲಾಗಿ ಬಿತ್ತು ಅಮ್ಮ. ಹೆಂಗೂ ಗೋಡೆ ಬಿಚ್ಚಿದೀವಿ, ಬಾಗ್ಲನ್ನೂ ತಿರುಗ್ಸಿ ಸರಿ ಮಾಡ್ಬಿಡ್ಲಾ?" ಎಂದರು.

ಬೆಣೆಯನ್ನು ಮೂಸಿದೆ. ಹರಳೆಣ್ಣೆಯ ವಾಸನೆ ಇನ್ನೂ ಇದೆ. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಹೊಸ ಸೊಸೆಯಾಗಿದ್ದ ಕಾಲದಿಂದ ಕಾದವಳು. ಕೇಳಿದಾಗ ಮಾತ್ರ ಕಾಫಿ ಮಾಡುತ್ತೇನೆಂದು ಒಳಗೆ ಬಂದುಬಿಟ್ಟೆ.

ಬಾಗಿಲನ್ನು ತಿರುಗಿಸುವುದೆಂದರೇನು ಎಂದು ನಿಮಗೆ ಅನ್ನಿಸಿರಬಹುದು. ನಮ್ಮ ಅತ್ತೆಯವರ ಊರು ಹಾಸನದ ಕಡೆಯದು. ಅದು ಅಣೆಕಟ್ಟಿನ ಹಿನ್ನೀರಿಗೆ ಹೋಗುವುದೆಂದು ಖಚಿತವಾದಾಗ ಬೇರೆಯವರು ದನ, ಪಾತ್ರೆ, ಕಾಳುಕಡಿ ಸಾಗಿಸಿದರು. ಅತ್ತೆ ಮಾತ್ರ ಮೊದಲು ಬಾಗಿಲು ಬಿಚ್ಚಿಸಿದರು. ಹಲಸಿನ ಮರದ ವಾಸ್ಕಲ್ಲು ಅದು, ಒಂದು ಮೊಳೆಯೂ ಇಲ್ಲ. ನಿಲುವು ಮರದ ತುದಿಯಲ್ಲಿ ಕೆತ್ತಿದ ನಾಲಿಗೆ ಅಡ್ಡಪಟ್ಟಿಯ ಕಿಂಡಿಯೊಳಗೆ ಹೋಗಿ ಕೂರುತ್ತದೆ, ಮೇಲೊಂದು ಬಿದಿರಿನ ಬೆಣೆ ಹೊಡೆದರೆ ಮುಗಿಯಿತು. ಬೆಣೆ ಕಿತ್ತರೆ ನಾಲ್ಕು ತುಂಡು. ಕೂಡುಕುಟುಂಬಕ್ಕಿಂತ ಸಲೀಸಾಗಿ ಬೇರೆಯಾಗುತ್ತದೆ. ಮತ್ತೆ ಕೂಡುವುದೂ ಅಷ್ಟೇ ಸಲೀಸು, ಅದೊಂದು ಹೆಚ್ಚುಗಾರಿಕೆ. ಮೇಲಿನ ಪಟ್ಟಿಯ ನಡುವೆ ಬಳ್ಳಿಯ ಕೆತ್ತನೆ, ಬಳ್ಳಿಯ ಎರಡು ತುದಿಗೆ ಎರಡು ಗಿಳಿ. ನಾಲ್ಕೂ ತುಂಡಿಗೆ ಹುಲ್ಲು ಸುತ್ತಿ, ಗೋಣಿ ಹೊಲಿದು, ಲಾರಿಯಲ್ಲಿ ಕುಶಾಲನಗರದ ಹತ್ತಿರದ ಈ ಜಾಗಕ್ಕೆ ತಂದರು. ಅಷ್ಟು ಮಾಡಿಯೂ ಒಂದು ಗಿಳಿಯ ಕೊಕ್ಕು ದಾರಿಯಲ್ಲಿ ಹೋಯಿತು.

ನಾನು ಗೋಣಿಕೊಪ್ಪಲಿನ ಅಂಗಡಿಯವರ ಮಗಳು. ಸಂತೆ, ಜೀಪು, ಬಸ್ಸು ನೋಡಿ ಬೆಳೆದ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಮದುವೆಯಾಗಿ ಬಂದಾಗ ಮನೆಯೆಂದರೆ ಒಂದು ತಗಡಿನ ಶೆಡ್ಡು, ಅದರ ಮೂಲೆಯಲ್ಲಿ ಗೋಣಿ ಸುತ್ತಿಕೊಂಡು ಮಲಗಿದ್ದ ಬಾಗಿಲು. ಸುತ್ತಮುತ್ತಲಿನವರು ನಮ್ಮನ್ನು ಕರೆಯುತ್ತಿದ್ದದ್ದು "ಮುಳುಗಡೆಯವರು" ಎಂದು. ಹೆಸರು ಕೇಳುವ ಗೋಜಿಗೂ ಯಾರೂ ಹೋಗಿರಲಿಲ್ಲ. ಅತ್ತೆಗೆ ಆ ಮಾತು ಮುಳ್ಳಾಗಿತ್ತು. ಗೋಣಿಯ ಮೇಲೆ ಕೈಯಾಡಿಸುತ್ತಾ ಒಮ್ಮೆ ನನಗೆ ಹೇಳಿದ್ದರು: "ಇಲ್ಲಿ ನಮ್ಮನ್ನ ಬಲ್ಲೋರು ಯಾರವ್ರೆ? ನಾವು ಎಂಥ ಮನೆತನದೋರು ಅಂತ ದಾರೀಲಿ ಹೋಗೋರಿಗೆ ಈ ಬಾಗ್ಲೇ ಹೇಳ್ಬೇಕು ಕಣವ್ವ."

ಹೊಸ ಮನೆಗೆ ತಳಪಾಯ ಬಿದ್ದ ಮೇಲೆ ಅದನ್ನು ಜೋಡಿಸಲು ಬಂದವರು ಮಲಯಾಳಿ ಬಡಗಿ ರಾಘವ ಆಚಾರಿ. ಅವರೂ ಈ ಊರಿಗೆ ಹೊಸಬರೇ, ಇದೇ ಅವರಿಗೆ ಇಲ್ಲಿ ಮೊದಲ ಕೆಲಸ. ಬಾಗಿಲು ನಿಲ್ಲಿಸುವ ಪೂಜೆಗೆ ಅಕ್ಕಪಕ್ಕದವರೆಲ್ಲ ಬಂದು ನೋಡುತ್ತಿದ್ದರು. ರಾಹುಕಾಲ ಬರುತ್ತದೆಂದು ಪುರೋಹಿತರ ಅವಸರ. ಆಚಾರಿ ಮೂಲೆಗಳಲ್ಲಷ್ಟೇ ಗೋಣಿ ಬಿಚ್ಚಿ, ಯಾವುದಕ್ಕೆ ಯಾವುದು ಕೂಡಬೇಕೆಂದು ಕೊರೆದಿದ್ದ ಉಳಿಯ ಗುರುತು ನೋಡಿ, ನಾಲಿಗೆಗೆ ಕಿಂಡಿ ಕೂಡಿಸಿ, ಬೆಣೆ ಹೊಡೆದು, ತಳಪಾಯದ ಮೇಲೆ ಎತ್ತಿ ನಿಲ್ಲಿಸಿದರು. ಅರಿಶಿನ ಕುಂಕುಮವಾಯಿತು, ಮಂಗಳಾರತಿಯಾಯಿತು. ಆಮೇಲೆ ಪೂರ್ತಿ ಗೋಣಿ ತೆಗೆದರೆ ರಸ್ತೆಯ ಕಡೆಗೆ ಬೋಳು ಮರ. ಗಿಳಿಗಳೆರಡೂ ಒಳಮುಖವಾಗಿದ್ದವು.

ಯಾರನ್ನೂ ದೂರುವ ಹಾಗಿರಲಿಲ್ಲ. ಅತ್ತೆಯವರ ಹಳೇ ಊರಿನ ಬಡಗಿ ಅಂದ ಕೆಡಬಾರದೆಂದು ಗುರುತನ್ನು ಒಳಮೈಗೆ ಕೊರೆದಿದ್ದ. ಆಚಾರಿಯ ಕಡೆಯ ಪದ್ಧತಿಯಲ್ಲಿ ಗುರುತಿದ್ದ ಮೈಯೇ ಹೊರಮೈ. ಅವರ ಮುಖ ಬೂದಿಯಾಯಿತು. "ಅಮ್ಮಾ, ನಮ್ಮದಲ್ಲಿ ಗುರುತು ಹೊರಗಡೆ. ನಾನು ಅದು ನೋಡಿ ಇಟ್ಟದ್ದು" ಎಂದರು. ಪೂಜೆಯಾದ ವಾಸ್ಕಲ್ಲನ್ನು ಕೀಳಬಾರದು, ಅದು ಎಲ್ಲರಿಗೂ ಗೊತ್ತು. ಬಂದವರಲ್ಲಿ ಕೆಲವರು ಆಗಲೇ ಕಿಸಿಕಿಸಿ ಶುರುಮಾಡಿದ್ದರು. ನಾನೋ, ತವರಿನವರಿಗೆ ಹೇಗೆ ಮುಖ ತೋರಿಸಲಿ ಎಂಬ ಚಿಂತೆಯಲ್ಲಿ ಮುಳುಗಿದ್ದೆ. ಮುಳುಗಡೆಯವರ ಸೊಸೆಯಲ್ಲವೇ!

ಅತ್ತೆ ಸುಮಾರು ಹೊತ್ತು ಆ ಬೋಳು ಮರವನ್ನೇ ನೋಡಿದರು. ಆಮೇಲೆ ಬಾಗಿಲು ದಾಟಿ ಒಳಬದಿಗೆ ಹೋಗಿ, ಗಿಳಿಗಳ ಕೆಳಗೆ ನಿಂತು ಹೇಳಿದರು: "ಆಗೋದು ಆಯ್ತು ಬುಡಿ ಆಚಾರ್ರೆ. ನೋಡೋ ಆಸೆ ಇರೋರು ಒಳೀಕೆ ಬಂದು ನೋಡ್ಲಿ. ಮೊದ್ಲು ನೀವೇ ಬನ್ನಿ."

ಒಳಗೆ ಎನ್ನಲು ಅಲ್ಲಿ ಗೋಡೆಯೇ ಇರಲಿಲ್ಲ. ಪಕ್ಕದಿಂದ ಸುತ್ತಿ ಬರಬಹುದಿತ್ತು. ಆಚಾರಿ ಚಪ್ಪಲಿ ಕಳಚಿ, ತಲೆ ಬಗ್ಗಿಸಿ, ಹೊಸ್ತಿಲು ದಾಟಿಯೇ ಬಂದರು. ಅವರ ಹಿಂದೆ ಪಕ್ಕದ ಮನೆಯ ಆಯಿಷಮ್ಮ ಬಂದರು, ಕಿಸಿಕಿಸಿಯವರೂ ಒಬ್ಬೊಬ್ಬರಾಗಿ ಸಾಲು ಹಿಡಿದು ಬಂದರು.

ವಾಸ್ಕಲ್ಲು ತಿರುಗಿದ ಮೇಲೆ ಕದವೂ ಹೊರಗಡೆಗೇ ತೆರೆಯಬೇಕಾಯಿತು. ಬಂದ ನೆಂಟರನ್ನು ಮೊದಲು ಎರಡು ಹೆಜ್ಜೆ ಹಿಂದಕ್ಕೆ ನೂಕಿ ಆಮೇಲೆ ಸ್ವಾಗತಿಸುವ ಮನೆ ಇನ್ನೆಲ್ಲಿದೆ ಹೇಳಿ. ಆ ಅಪಚಾರ ಮುಚ್ಚಲು ಅತ್ತೆ ಕದ ತೆರೆಯುವ ಮೊದಲೇ "ಬನ್ನಿ, ಬನ್ನಿ" ಎಂದು ಕೂಗುವುದನ್ನು ರೂಢಿಮಾಡಿಕೊಂಡರು. ಕೊಕ್ಕಿಲ್ಲದ ಗಿಳಿ ನೋಡಲು ಬಂದವರು ಕೂತರು, ಕಾಫಿ ಕುಡಿದರು, ಹೆಸರು ಹೇಳಿದರು, ಹೆಸರು ಕೇಳಿದರು. ನನ್ನ ಮೊದಲ ಹೆರಿಗೆ ಜಡಿಮಳೆಯಲ್ಲಿ ಬಂದಾಗ ಯಾರ ಮನೆಗೆ ಓಡಬೇಕೆಂದು ಯೋಚಿಸಬೇಕಾಗಲಿಲ್ಲ. ಆಯಿಷಮ್ಮ ಜೀಪು ತರಿಸಿ, ಆಸ್ಪತ್ರೆಯವರೆಗೂ ನನ್ನ ಕೈ ಹಿಡಿದೇ ಕೂತಿದ್ದರು. ಕದ ರಿಪೇರಿಗೆಂದು ಊರವರು ಕರೆಯುತ್ತಿದ್ದದ್ದು ರಾಘವ ಆಚಾರಿಯನ್ನೇ. ಕಂಡಕ್ಟರುಗಳ ಬಾಯಲ್ಲಿ ನಮ್ಮ ಸ್ಟಾಪು "ಉಲ್ಟಾ ಬಾಗಿಲು" ಆಯಿತು. ನನಗೆ ನಾಚಿಕೆಯಾಗುತ್ತಿತ್ತು, ಅತ್ತೆ ಬೀಗುತ್ತಿದ್ದರು. ಮುಳುಗಡೆಯವರು ಎಂಬ ಮಾತು ಯಾವಾಗ ಅಳಿಸಿಹೋಯಿತೋ ನಮಗೇ ತಿಳಿಯಲಿಲ್ಲ. ಪ್ರತಿ ಮಳೆಗಾಲದ ಮುಂಚೆ ಗಿಳಿಗಳಿಗೆ ಹರಳೆಣ್ಣೆ ಹಚ್ಚುತ್ತಿದ್ದ ಅತ್ತೆ ಈಗಿಲ್ಲ. ಎಣ್ಣೆಯ ಬಟ್ಟೆ ನನ್ನ ಕೈಗೆ ಬಂದಿದೆ.

ಕಾಫಿ ಉಕ್ಕಿತು. ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಮುಂದೆ ಬಂದೆ. ಬೆಣೆಯನ್ನು ಶಿವು ಕೈಗೆ ವಾಪಸ್ಸು ಕೊಟ್ಟು, ಇದನ್ನು ಇದ್ದ ಕಿಂಡಿಗೇ ಹೊಡೆಯಿರಿ, ಬಾಗಿಲು ಇದ್ದ ಹಾಗೇ ಇರಲಿ ಎಂದೆ. ಎಷ್ಟು ವರ್ಷ ಅದರ ಮೇಲೆ ಮುನಿಸಿಕೊಂಡಿದ್ದೆ! ಇವತ್ತು ಅದಕ್ಕೆ, ಅದನ್ನು ಹೊತ್ತು ತಂದವರಿಗೆ, ತಪ್ಪಾಗಿ ನಿಲ್ಲಿಸಿದವರಿಗೆ, ಎಲ್ಲರಿಗೂ ಒಟ್ಟಿಗೆ ಕೈ ಮುಗಿಯಬೇಕೆನ್ನಿಸಿತು. ಕೈಯಲ್ಲಿ ತಟ್ಟೆಯಿತ್ತು.

ಶಿವು ಕಾಫಿಗೆಂದು ಒಡೆದ ಗೋಡೆಯ ಕಡೆಯಿಂದ ಕಾಲಿಟ್ಟರು.

"ಅಲ್ಲಿಂದ ಬೇಡ" ಎಂದೆ. "ಬಾಗಿಲಲ್ಲಿ ಬನ್ನಿ."